ಭಾವ ಮೆಚ್ಚಿದ ಗಾಡಿ

ಅಂಗಡಿಯಿಂದ, ಕತ್ತರಿ ಮೇಜಿನ ಮೇಲೆ
ಹದಿನಾರನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತಾ? ಹನ್ನೆರಡು ಗಂಟೆ ನಿಂತೇ ಡ್ಯೂಟಿ ಮಾಡಿ, ಮಲಗಿರುವ ರೋಗಿಗಳಿಗೆ ರೆಸ್ಟ್ ತಗೊಳ್ಳಿ ಎಂದು ಉಪದೇಶ ಮಾಡುವವಳು ನೀನು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ದೊಡ್ಡವಳಿಗೆ ಕನ್ನಡಕ ಬಂದಿದೆ. ಹಾಕಿಕೊಂಡು ಥೇಟ್ ನಿನ್ನ ಹಾಗೆ ಎಲ್ಲರನ್ನೂ ಮೂಗಿನ ಮೇಲಿಂದ ನೋಡುತ್ತಾಳೆ. ಚಿಕ್ಕವನ ಮುಂದಿನ ಎರಡು ಹಲ್ಲು ಬಿದ್ದಿವೆ, ಆದರೂ ಬಾಯಿ ಮಾತ್ರ ಒಂದು ನಿಮಿಷ ಸುಮ್ಮನಿರುವುದಿಲ್ಲ. ನಿನ್ನ ವಾರ್ಡಿನ ನರ್ಸಮ್ಮ ರಜೆ ಮುಗಿಸಿ ನಾಳೆ ಬೆಳಿಗ್ಗೆ ಹೊರಡುತ್ತಾರಂತೆ, ಸಂಜೆಯೊಳಗೆ ಈ ಪತ್ರ ನಿನ್ನ ಕೈ ಸೇರುತ್ತದೆ. ಫೋನ್ ಮಾಡಬಾರದಿತ್ತಾ ಎನ್ನುತ್ತೀಯ. ಮಾಡಿದೆನಲ್ಲ! ಮೂರು ಸಲ ಮಾಡಿದೆ, ಮೂರು ಸಲವೂ ಊಟ ಆಯ್ತಾ, ಅಲ್ಲಿ ಸೆಕೆನಾ ಎಂದು ಕೇಳಿ ಇಟ್ಟೆ. ನಿನ್ನ ದನಿ ಕೇಳಿದರೆ ನನಗೆ ನಿಜ ಬಾಯಿಗೆ ಬರುವುದಿಲ್ಲ. ಚಿಕ್ಕಂದಿನಿಂದಲೂ ಹಾಗೇ, ಗೊತ್ತಲ್ಲ.

ವಿಷಯಕ್ಕೆ ಬರುತ್ತೇನೆ. ಭಾವ ಮೆಚ್ಚಿರುವ ಆ ಸೆಕೆಂಡ್ ಹ್ಯಾಂಡ್ ಗಾಡಿಯ ಬಗ್ಗೆ ನೀನು ಕೇಳಿದ್ದೆ. "ಕಾರಿನ ಸೀಟು ಹೊಲಿಯೋನು ನೀನು, ದಿನಾ ಗಾಡಿಗಳ ಮಧ್ಯೆನೇ ಇರ್ತೀಯ. ನೀನು ಹೂಂ ಅಂದ್ರೆ ನಂದೂ ಹೂಂ" ಎಂದು ಇಡೀ ಭಾರವನ್ನು ನನ್ನ ತಲೆಗೆ ಕಟ್ಟಿಬಿಟ್ಟೆ. ಗಾಡಿಯೇನೋ ಗಾಡಿಯೇ ಅಕ್ಕ. ಗುಡ್ಡ, ಹಳ್ಳ, ಕೆಸರು ಯಾವುದಕ್ಕೂ ಕ್ಯಾರೇ ಅನ್ನದೆ ನಾಲ್ಕೂ ಚಕ್ರ ಊರಿ ಹತ್ತುವ ಜಾತಿಯದು. ಒಳಗೆ ಕೂತರೆ ದೊಡ್ಡ ಹೋಟೆಲಿನ ಸೋಫಾ. ಅದು ಹೊಸದಾಗಿದ್ದಾಗ ನಮ್ಮಂಥವರು ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರೆ ಅದೇ ಹೆಚ್ಚು. ಭಾವನಿಗೆ ಅದರ ಮೇಲೆ ಯಾಕೆ ಮನಸ್ಸಾಯಿತು ಎಂದು ನಿನಗೆ ಬೇರೆ ಹೇಳಬೇಕಾ? ಹದಿನೆಂಟು ವರ್ಷ ಹಳೆಯ ಬೈಕಿಗೆ ಅಳತೆಯ ಸಾಮಾನು ಕಟ್ಟಿಕೊಂಡು, ಬೇರೆಯವರ ಜಮೀನು ಅಳೆಯಲು ಗುಡ್ಡಗುಡ್ಡ ಅಲೆದಿದ್ದಾರೆ. ಎರಡು ಸಲ ಜಾರಿ ಬಿದ್ದು ಅದೇ ಕಾಲನ್ನೇ ಮುರಿದುಕೊಂಡಿದ್ದಾರೆ. ನೀನು ದೂರದಲ್ಲಿದ್ದು ದುಡಿದದ್ದಕ್ಕೆ ಕಣ್ಣಿಗೆ ಕಾಣುವಂಥದ್ದು ಏನಾದರೂ ಮನೆಗೆ ಬರಲಿ, ನೀನು ಬಂದಿಳಿದ ದಿನ ನಿನ್ನನ್ನು ಅದರಲ್ಲೇ ಕರೆದುಕೊಂಡು ಬರಬೇಕು ಎಂದು ಅವರ ಆಸೆ. ಈ ಮಾತು ನಿನಗೆ ಹೇಳಬೇಡ ಅಂದಿದ್ದರು, ಹೇಳಿಬಿಟ್ಟೆ.

ಹೋದ ಭಾನುವಾರ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ತೋರಿಸಿದರು. ಎಲ್ಲಿ ಅಂದುಕೊಂಡೆ? ನಮ್ಮ ಅಂಗಡಿಯ ಎದುರಿಗೇ, ಪಾಲಿಷ್ ಯಜಮಾನರ ಹಳೇ ಗಾಡಿಗಳ ಅಂಗಳದಲ್ಲಿ. ಪಾಲಿಷ್ ಯಾರು ಅಂತ ನಿನಗೆ ಗೊತ್ತು: ಈ ಅಂಗಡಿಯ ಮಾಲೀಕರೂ ಅವರೇ, ನನಗೆ ಬರುವ ಹತ್ತು ಕೆಲಸದಲ್ಲಿ ಒಂಬತ್ತು ಅವರದೇ. ಭಾವ ಬಾಗಿಲು ತೆಗೆದು ಸೀಟಿನ ಮೇಲೆ ಕೈಯಾಡಿಸಿ, "ನೋಡೋ, ಕಂಪನಿ ಹೊಲಿಗೆ ಅಂದ್ರೆ ಇದು! ಒಂದಾದ್ರೂ ಸೊಟ್ಟ ಇದ್ಯಾ? ನೀನಿದೀಯ ದಂಡಕ್ಕೆ" ಎಂದು ನಕ್ಕರು. ಅಕ್ಕ, ಆ ಹೊಲಿಗೆ ನನ್ನದು. ಆ ಗಾಡಿಯ ಐದು ಸೀಟನ್ನೂ ಈಗ ನಾನು ಕೂತು ಬರೆಯುತ್ತಿರುವ ಈ ಮೇಜಿನ ಮೇಲೇ ಕತ್ತರಿಸಿ ಹೊಲಿದಿದ್ದೇನೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅವರ ಮಾತು ಕೇಳಿ ಮೊದಲು ನನಗೆ ಆದದ್ದು ಹೆಮ್ಮೆ. ಕಂಪನಿ ಹೊಲಿಗೆಯಂತೆ! ಆಮೇಲೆ ಆ ಹೊಲಿಗೆಯ ಕೆಳಗೆ ಏನಿದೆ ಅಂತ ನೆನಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ಹಾಗೆ ನಾನು ನನ್ನ ಬೆರಳು ಮುಚ್ಚಿಕೊಂಡು ನಿಂತೆ.

ಯಾಕೆಂದರೆ ಅದು ಮುಳುಗಿದ ಗಾಡಿ. ಹೋದ ವರ್ಷ ಹೊಳೆ ಉಕ್ಕಿ ಕೆಳಗಿನ ಬಡಾವಣೆಗೆಲ್ಲ ನೀರು ನುಗ್ಗಿತ್ತಲ್ಲ, ಆಗ ಕಿಟಕಿಯ ಮಟ್ಟಕ್ಕೆ ಮೂರು ದಿನ ನೀರಲ್ಲಿ ನಿಂತಿತ್ತು. ಹಳೆಯ ಮಾಲೀಕ ವಿಮೆ ತೆಗೆದುಕೊಂಡು ಕೈತೊಳೆದುಕೊಂಡ. ಪಾಲಿಷ್ ಅದನ್ನು ಗುಜರಿಯ ಲೆಕ್ಕದಲ್ಲಿ ಎಳೆಸಿಕೊಂಡು ಬಂದು, "ಒಳಗೆ ಹೊಸ ಮದುವಣಗಿತ್ತಿ ಥರ ಮಾಡ್ಕೊಡು" ಎಂದು ನನಗೆ ಒಪ್ಪಿಸಿದರು. ನಾನು ಸೀಟು ಬಿಚ್ಚಿದಾಗ ಸ್ಪಂಜಿನಿಂದ ಎರಡು ಬಕೆಟ್ ರಾಡಿ ನೀರು ಇಳಿಯಿತು. ಹಿಂದಿನ ಸೀಟಿನ ಕೆಳಗೆ ಹೆಬ್ಬೆರಳಷ್ಟು ಉದ್ದದ ಮೀನು ಒಣಗಿ ಅಂಟಿಕೊಂಡಿತ್ತು. ನಾವೆಲ್ಲ ನಕ್ಕೆವು ಅಕ್ಕ, ಪಾಲಿಷ್ ಅದಕ್ಕೂ ಬೆಲೆ ಹಚ್ಚುತ್ತಾರೆ ಅಂತ. ಸೀಟಿನ ಕೆಳಗೆ ಹಳದಿ ವೈರುಗಳ ಗಂಟು ಇರುತ್ತದೆ. ಅಪಘಾತವಾದಾಗ ಬಲೂನು ಉಬ್ಬಿ ಎದೆಗೆ ಅಡ್ಡ ಬರುತ್ತದಲ್ಲ, ಅದರದ್ದು. ಆ ಗಂಟೆಲ್ಲ ಹಸಿರು ಕಿಲುಬು ಹಿಡಿದಿತ್ತು. ಮೆಕ್ಯಾನಿಕ್ ಬಂದು ನೋಡಿ, ಅದನ್ನು ಬದಲಾಯಿಸಲಿಲ್ಲ. ಬಲೂನು ಕೆಟ್ಟಿದೆ ಎಂದು ಮುಂದೆ ಹೊತ್ತಿಕೊಳ್ಳುವ ಕೆಂಪು ದೀಪವನ್ನು ಕಿತ್ತು ಜೇಬಿಗೆ ಹಾಕಿಕೊಂಡ. ನಾನು ನೋಡಿದೆ. ನೋಡಿ ಅದರ ಮೇಲೆ ಕಾರ್ಪೆಟ್ ಹಾಸಿ, ಚರ್ಮ ಎಳೆದು ಹೊಲಿದೆ. ಹದಿನೇಳು ದಿನದ ಕೆಲಸ. ಮೇಲೆಲ್ಲ ಥಳಕು ಒಳಗೆಲ್ಲ ಹುಳುಕು ಅಂತಾರಲ್ಲ, ಆ ಥಳಕು ನಾನು.

ಭಾನುವಾರದಿಂದ ಇವತ್ತಿನವರೆಗೆ ಭಾವನ ಮನಸ್ಸು ತಿರುಗಿಸಲು ನಾನು ಮಾಡಿದ ಸರ್ಕಸ್ ಕೇಳಿದರೆ ನಗುತ್ತೀಯ. ಆನೆ ಸಾಕಿದ ಹಾಗಾಗುತ್ತೆ ಭಾವ, ಡೀಸೆಲ್ ಕುಡಿಸಿ ಪೂರೈಸೋಕಾಗಲ್ಲ ಎಂದೆ. ತಿಂಗಳಿಗೆ ಎಷ್ಟು ದೂರ ಓಡಿಸುತ್ತೇನೆ ಎಂದು ಹಾಳೆಯ ಮೇಲೆ ನಕ್ಷೆಯೇ ಬರೆದು ತೋರಿಸಿದರು. ನಮ್ಮ ಓಣಿಯಲ್ಲಿ ತಿರುಗಲ್ಲ ಎಂದೆ. ಟೇಪು ತಂದು ಗೋಡೆಯಿಂದ ಗೋಡೆಗೆ ಅಳೆದು, ಎದುರು ಮನೆಯ ಅಜ್ಜಿಯ ಕುರ್ಚಿಯನ್ನು ಅಜ್ಜಿಯ ಸಮೇತ ಸರಿಸಿ, "ಈ ಕಡೆ ಒಂದು ಗೇಣು, ಆ ಕಡೆ ಒಂದು ಗೇಣು. ಏನೀಗ?" ಎಂದರು. ಬಣ್ಣ ಚೆನ್ನಾಗಿಲ್ಲ ಎಂದೆ. ಅದಕ್ಕೆ ಅವರು ನನ್ನನ್ನು ಅಯ್ಯೋ ಪಾಪ ಎನ್ನುವ ಹಾಗೆ ನೋಡಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹೊರಟವನ ಗತಿ ಇದೇ. ಊಟ ಸೇರುತ್ತಿಲ್ಲ. ಕತ್ತರಿ ಹಿಡಿದರೆ ಗೆರೆ ತಪ್ಪುತ್ತದೆ. ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಬಾಗಿಲಿಗೆ ಹೋಗಿ ಬಂದೆ. ಎದುರಿಗೇ ನಿಂತಿದೆ ಅದು, ಮಿರಮಿರ ಮಿಂಚಿಕೊಂಡು.

ನಿನ್ನೆ ಸಂಜೆ ಓಡಿಸಿ ನೋಡೋಣವೆಂದು ಭಾವ ಮಕ್ಕಳನ್ನೂ ಹತ್ತಿಸಿಕೊಂಡರು. ಮುಂದೆ ಭಾವ, ಪಕ್ಕದಲ್ಲಿ ದೊಡ್ಡವಳು; ಹಿಂದೆ ನಾನು, ಚಿಕ್ಕವನು. ಕಲ್ಲುಗಣಿಯ ಹಿಂದಿನ ಕಡಿದಾದ ದಾರಿ ಹಿಡಿದರು, ಬೈಕಿನಲ್ಲಿ ಅವರು ಬಿದ್ದಿದ್ದರಲ್ಲ, ಅದೇ ದಾರಿ. ಗಾಡಿ ಒಂದು ಸಲವೂ ಏದುಸಿರು ಬಿಡದೆ ಹತ್ತಿತು. ಮೇಲೆ ನಿಲ್ಲಿಸಿ ಭಾವ ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಹತ್ತಿ ಬಂದ ದಾರಿಯನ್ನು ನೋಡುತ್ತ ಕೂತರು. ಅವರ ಮುಖದಲ್ಲಿ ಅಂಥ ಖುಷಿಯನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ಗುಡ್ಡ ಇಳಿಯುವಾಗ ಚಿಕ್ಕವನಿಗೆ ಬೆಲ್ಟ್ ಹಾಕೋಣ ಎಂದು ಎಳೆದೆ, ಜಾಸ್ತಿ ಎಳೆದುಬಿಟ್ಟೆನೇನೋ, ಒಳಗೆ ಸುತ್ತಿಕೊಂಡಿದ್ದ ಕೊನೆಯ ತುದಿಯೆಲ್ಲ ಹೊರಗೆ ಬಂತು. ಬೆಲ್ಟ್ ಹೊಸದು ಹಾಕಲು ಪಾಲಿಷ್ ಬಿಡಲಿಲ್ಲ, ಕೈಗೆ ಸಿಕ್ಕಷ್ಟನ್ನು ಸೋಪು ಹಾಕಿ ನಾನೇ ತೊಳೆದಿದ್ದೆ. ಒಳಗಿನ ತುದಿಯಲ್ಲಿ ನೀರು ನಿಂತಿದ್ದ ಕಂದು ಗೆರೆ ಹಾಗೇ ಇತ್ತು. "ಮಾವ, ಇಲ್ಲಿ ಯಾರೋ ಕಾಫಿ ಚೆಲ್ಲಿದಾರೆ" ಎಂದ. "ಹೌದು ಕಂದ, ಕಾಫಿ" ಎಂದೆ. ಎಂದು, ಆ ಬೆಲ್ಟನ್ನೇ ಅವನ ಎದೆಯ ಮೇಲೆ ಹಾಕಿ ಕೂರಿಸಿದೆ. ಇಳಿಜಾರು ಮುಗಿಯುವವರೆಗೆ ನನ್ನ ಕೈಯನ್ನು ಅವನ ಎದೆಗೆ ಅಡ್ಡ ಇಟ್ಟುಕೊಂಡೇ ಬಂದೆ. ಕಚಗುಳಿ ಎಂದು ಅವನು ನಗುತ್ತಿದ್ದ.

ಅದಕ್ಕೇ ಬರೆಯುತ್ತಿದ್ದೇನೆ. ಬೇಡ ಅಕ್ಕ. ಆ ಗಾಡಿ ಬೇಡವೇ ಬೇಡ. ಶನಿವಾರ ಬೆಳಿಗ್ಗೆ ಪೂರ್ತಿ ಹಣ ಕಟ್ಟುತ್ತೇನೆ ಎಂದು ಭಾವ ಪಾಲಿಷ್‌ಗೆ ಹೇಳಿ ಬಂದಿದ್ದಾರೆ. ಅಷ್ಟರೊಳಗೆ ನೀನು ಫೋನ್ ಮಾಡಿ, ನನಗೆ ಇಷ್ಟವಿಲ್ಲ ಎಂದುಬಿಡು. ಮನೆ ರಿಪೇರಿ ಅನ್ನು, ಮಕ್ಕಳ ಓದು ಅನ್ನು, ಏನಾದರೂ ಅನ್ನು. ನೀನು ಬೇಡ ಅಂದರೆ ಅವರು ಎರಡನೇ ಮಾತಾಡುವುದಿಲ್ಲ. ಎರಡು ದಿನ ಮುಖ ಊದಿಸಿಕೊಂಡು ಸರಿಹೋಗುತ್ತಾರೆ. ನಿಜ ಏನೆಂದು ಮಾತ್ರ ಹೇಳಬೇಡ. ಭಾವನಿಗೆ ಗೊತ್ತಾದರೆ ಸೀದಾ ಪಾಲಿಷ್ ಕೊರಳಪಟ್ಟಿಗೇ ಕೈ ಹಾಕುತ್ತಾರೆ. ಮರುದಿನ ನನ್ನ ಹೊಲಿಗೆ ಮಿಷನ್ ಬೀದಿಯಲ್ಲಿರುತ್ತದೆ. ಈ ಬಾಗಿಲು ಮುಚ್ಚಿದರೆ ಇನ್ನೊಂದು ಬಾಗಿಲು ನನಗೆ ಗೊತ್ತಿಲ್ಲ. ಹೇಡಿ ಅನ್ನು, ಪರವಾಗಿಲ್ಲ, ಅಂದುಕೊಳ್ಳುವಷ್ಟನ್ನು ನಾನೇ ಅಂದುಕೊಂಡಿದ್ದೇನೆ. ಅಂತೂ ನಮ್ಮ ಮಕ್ಕಳು ಬಚಾವಾದರೆ ಸಾಕು.

ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೋ. ನಿನ್ನ ಜೊತೆಯ ಅಡುಗೆಯಮ್ಮನಿಗೆ ನನ್ನ ನಮಸ್ಕಾರ. ದೊಡ್ಡವಳು ಬರೆದ ಚಿತ್ರ ಒಳಗಿದೆ, ಅದರಲ್ಲಿ ಉದ್ದಕ್ಕೆ ಕೋಲಿನ ಹಾಗಿರುವುದು ನೀನಂತೆ. ಬೈದಾದರೂ ಸರಿ, ಎರಡು ಸಾಲು ಬರಿ.

ನಿನ್ನ ಬೈಗುಳಕ್ಕೆ ಕಾಯುತ್ತಿರುವ ತಮ್ಮ,
ಸೂಜಿ

ಮರೆತದ್ದಲ್ಲ, ಈಗ ಆದದ್ದು. ಶುಕ್ರವಾರ, ಬೆಳಿಗ್ಗೆ ಒಂಬತ್ತು. ನರ್ಸಮ್ಮ ಮನೆ ಬಾಗಿಲಲ್ಲಿ ನಿಂತಿದ್ದಾರೆ, ಅಕ್ಷರ ಸೊಟ್ಟಗಿದ್ದರೆ ಬೇಜಾರಾಗಬೇಡ. ಅಂಗಡಿ ತೆಗೆಯಲು ಬಂದರೆ ಎದುರಿನ ಅಂಗಳದಲ್ಲಿ ಗಾಡಿ ಇಲ್ಲ. ಮಾರಿಹೋಯಿತು. ಅಬ್ಬಾ, ಗೆದ್ದೆ ಎಂದುಕೊಂಡೆ ಅಕ್ಕ. ಒಂದು ಲೋಟ ಟೀ ಕುಡಿದೆ, ನಾಲ್ಕು ದಿನದ ಮೇಲೆ ಟೀಗೆ ರುಚಿ ಇತ್ತು. ಪಾಲಿಷ್ ತಾವಾಗಿಯೇ ಬಂದು, "ನಿಮ್ಮ ಭಾವ ಶನಿವಾರ ಶನಿವಾರ ಅಂತ ಕೂತ್ರು, ಮೇಲಿನ ರಸ್ತೆಯ ಔಷಧಿ ಅಂಗಡಿಯಮ್ಮ ಬಂದು ಕ್ಯಾಶ್ ಕೊಟ್ಟು ತಗೊಂಡು ಹೋದ್ರು. ಅವಳಿ ಮಕ್ಕಳಿದಾವಲ್ಲ, ದಿನಾ ಘಾಟಿ ಇಳಿಸಿ ಸ್ಕೂಲಿಗೆ ಬಿಡಬೇಕಂತೆ" ಎಂದರು. ಲೋಟ ಕೆಳಗಿಟ್ಟೆ. ನಮ್ಮ ಮಕ್ಕಳು ಬಚಾವಾದರೆ ಸಾಕು ಎಂದು ನಿನ್ನೆ ಬರೆದಿದ್ದೆನಲ್ಲ, ಆ ಸಾಲನ್ನು ಹೊಡೆದುಹಾಕಬೇಕೆಂದು ಪೆನ್ನು ತೆಗೆದೆ. ಹೊಡೆದಿಲ್ಲ, ನೀನು ಓದು. ನಾನು ಎಂಥವನು ಅಂತ ಒಬ್ಬರಿಗಾದರೂ ಗೊತ್ತಿರಲಿ.

ಮನೆಗೆ ಓಡಿ ಭಾವನಿಗೆ ಎಲ್ಲ ಹೇಳಿಬಿಟ್ಟೆ, ಮೀನಿನ ಸಮೇತ. ಕಪಾಳಕ್ಕೆ ಒಂದು ಬೀಳುತ್ತದೆ ಎಂದುಕೊಂಡಿದ್ದೆ. ಅವರು ಚಪ್ಪಲಿ ಮೆಟ್ಟಿಕೊಂಡು, ಬೈಕ್ ಸ್ಟಾರ್ಟ್ ಮಾಡಿ, "ಹತ್ತು" ಎಂದರು. ನೀನು ಫೋನ್ ಮಾಡಿ ಸುಳ್ಳು ಹೇಳುವುದು ಬೇಡ. ಅಂಗಡಿಗೆ ಬೀಗ ಹಾಕಿದ್ದೇನೆ, ನಾಳೆ ತೆಗೆಯಲು ಬಿಡುತ್ತಾರೋ ಇಲ್ಲವೋ. ಆ ಅಮ್ಮನ ಮುಂದೆ ನಿಂತು ಏನಂತ ಶುರು ಮಾಡಲಿ ಭಾವ ಎಂದು ಕೇಳಿದೆ. "ಮೊದ್ಲು ಮಕ್ಕಳನ್ನ ಗಾಡಿಯಿಂದ ಕೆಳಗಿಳಿಸಿ ಅನ್ನು. ನೀನ್ಯಾರು ಅಂತ ಆಮೇಲೆ ಹೇಳುವಂತೆ" ಎಂದರು. ಹೊರಟೆವು.