ಆರ್ಡಿಸಳ ರೈಫಲ್ಲಿಗೆ ಐದು ತೋಟಾ

ಟ್ರಾಯ್, ಮೊಂಟಾನಾ
ಭಾನುವಾರ, ೧೪ ಅಕ್ಟೋಬರ್ ೨೦೧೮

ಪ್ರೀತಿಯ ಹಾರ್ಲನ್,

ಹೇಗಿದ್ದೀಯ? ನಿನ್ನ ಬಲಗೈ ಬೆರಳುಗಳು ಒಂಚೂರು ಮಡಚುತ್ತಿವೆ ಎಂದು ನರ್ಸ್ ಫೋನಿನಲ್ಲಿ ಹೇಳಿದಳು. ಸೂಪಿನ ಬಟ್ಟಲು ತಳ್ಳಿದ್ದನ್ನೂ ಹೇಳಿದಳು. ಹಟ ಮಾಡದೆ ಕುಡಿ. ಪಾರ್ಶ್ವವಾಯು ಹೊಡೆದು ನೀನು ಶೆಡ್ಡಿನಲ್ಲಿ ಬಿದ್ದಿದ್ದ ದಿನ ಇನ್ನೂ ನನ್ನ ಕಣ್ಣ ಮುಂದೆಯೇ ಇದೆ. ನನ್ನಿಂದ ಬೈಸಿಕೊಳ್ಳಲು ನೀನು ಉಳಿದಿದ್ದೀಯಲ್ಲ, ಅಷ್ಟೇ ಸಾಕು.

"ಈ ಕೈಲಿ ಇನ್ನೇನೂ ಆಗಲ್ಲ ವರ್ನಾ, ಶೆಡ್ಡಿನ ಲೇತ್ ಯಂತ್ರ ಮಾರಿಬಿಡು" ಎಂದಿದ್ದೆಯಲ್ಲ, ಅದಕ್ಕೆ ಲಿಬ್ಬಿ ಊರಿನ ಒಬ್ಬನಿಗೆ ಇವತ್ತು ಬರಹೇಳಿದ್ದೆ. ಅಷ್ಟರಲ್ಲಿ ಮಂಗಳವಾರ ಪಕ್ಕದ ಮನೆಯ ಆರ್ಡಿಸ್ ತನ್ನ ಅಪ್ಪನ ರೈಫಲ್ ಹೊತ್ತು ಬಂದಳು. ಮುಂದಿನ ಶನಿವಾರ ಬೇಟೆ ಶುರು. ಅದರ ತೋಟಾ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಬೇರೆ ರೈಫಲ್ಲಿನ ಖಾಲಿ ಹಿತ್ತಾಳೆ ತೋಟಾಗಳನ್ನು ಲೇತಿಗೆ ಹಿಡಿದು, ಬುಡದ ಅಂಚು ತೆಳ್ಳಗೆ ಮಾಡಿ, ಪ್ರತಿ ವರ್ಷ ನೀನೇ ಐದು ಕೊಡುತ್ತಿದ್ದೆ. ನೀನು ಆಸ್ಪತ್ರೆಯಲ್ಲಿದ್ದೀಯ ಎಂದು ಅವಳಿಗೆ ಹೇಳಿದೆ. "ಅವನು ಮಲಗಿದಾನೆ, ಸರಿ. ಲೇತಿಗೇನಾಗಿದೆ ರೋಗ? ನಿಂಗೆ ಕೈಯಿಲ್ವೇನೇ?" ಎಂದಳು. ಎಂಬತ್ತೊಂದಾದರೂ ಆ ಬಾಯಿ ಮೆತ್ತಗಾಗಿಲ್ಲ. ನನಗೆ ರೋಷ ಬಂತು.

ಲೇತಿನ ಮುಂದೆ ನಿಂತು ಮೊದಲ ಐದನ್ನು ಹಾಳು ಮಾಡಿದೆ. ಉದ್ದವನ್ನು ಕೂದಲೆಳೆಯಷ್ಟೂ ತಪ್ಪದಂತೆ ಕತ್ತರಿಸಿಕೊಂಡು, ಆಮೇಲೆ ಆಕಾರ ಕೊಡುವ ಅಚ್ಚಿಗೆ ಒತ್ತಿದೆ. ತೋಟಾದ ಕತ್ತು ಅಗಲವಾಗುತ್ತಲೇ ಉದ್ದ ಕುಗ್ಗಿತು. ನಲವತ್ತು ವರ್ಷ ಊರಿಗೆಲ್ಲ ಬಟ್ಟೆ ಹೊಲಿದವಳು, ಒಗೆದು ಕುಗ್ಗಿಸದೆ ಕತ್ತರಿ ಹಾಕಿದ ಹಾಗಾಯಿತು. ಆಮೇಲೆ ಗೋಡೆಯ ಮೇಲೆ ನೀನು ಪೆನ್ಸಿಲಿನಲ್ಲಿ ಬರೆದ ಅಳತೆಗಳನ್ನು ಕೂತು ಓದಿದೆ. ಕೆಳಗೆ ದಪ್ಪಗೆ "ಕತ್ತರಿಸುವುದು ಕೊನೆಗೆ" ಎಂದಿತ್ತು. ನೀನು ಗೋಡೆ ಹೊಲಸು ಮಾಡಿದೆ ಎಂದು ನಾನು ಎಷ್ಟು ಜಗಳವಾಡಿದ್ದೆ! ಪುಣ್ಯಕ್ಕೆ ಬಣ್ಣ ಬಳಿಸಿರಲಿಲ್ಲ. ನಿನ್ನ ಸಾಕ್ಸಿನಲ್ಲಿ, ಹಾಸಿಗೆಯಲ್ಲಿ, ಒಮ್ಮೆ ಕಲಸಿದ ಹಿಟ್ಟಿನಲ್ಲೂ ಹಿತ್ತಾಳೆ ಚೂರು ಸಿಕ್ಕಾಗ ರಂಪ ಮಾಡಿದ್ದೆನಲ್ಲ, ಈಗ ನನ್ನ ತಲೆಗೂದಲ ತುಂಬ ಅದೇ. ಇಷ್ಟು ವರ್ಷ ಆ ಶೆಡ್ಡಿನಲ್ಲಿ ನೀನು ಎಷ್ಟು ತಾಳ್ಮೆಯಿಂದ ಜನರ ಕೆಲಸ ಮಾಡಿಕೊಟ್ಟೆ ಎಂಬುದು ನನಗೆ ಈಗ ಅರ್ಥವಾಯಿತು. ತಡವಾಗಿಯಾದರೂ ಹೇಳುತ್ತೇನೆ, ನಿನಗೆ ಋಣಿ ಹಾರ್ಲನ್.

ಎರಡನೆಯ ಸಲದ ಐದೂ ಸರಿಬಂದವು. ಮದ್ದು ತುಂಬುವುದನ್ನು ಆರ್ಡಿಸ್ ತಾನೇ ಮಾಡಿಕೊಂಡಳು. ಶುಕ್ರವಾರ ಜಲ್ಲಿಗುಂಡಿಗೆ ಹೋಗಿ ಒಂದನ್ನು ಹಾರಿಸಿದಳು. ಜೊತೆಗೆ ನಾನೂ ಹೋಗಿದ್ದೆ. ಹಿತ್ತಾಳೆ ಎಲ್ಲೂ ಸೀಳಲಿಲ್ಲ. ಆರ್ಡಿಸ್ ಕನ್ನಡಕ ಏರಿಸಿ, ಖಾಲಿ ತೋಟಾವನ್ನು ತಿರುಗಿಸಿ ತಿರುಗಿಸಿ ನೋಡಿ, "ಹಾರ್ಲನ್ ಮಾಡಿದ್ದಕ್ಕಿಂತ ನುಣುಪಾಗಿದೆ ಕಣೇ. ಅವನಿಗೆ ಮಾತ್ರ ಹೇಳ್ಬೇಡ" ಎಂದಳು. ಹೇಳುತ್ತಿದ್ದೇನೆ.

ದೇವರು ನಿನ್ನ ಬೆರಳುಗಳಿಗೆ ಶಕ್ತಿ ಕೊಡಲಿ, ನಾಲಿಗೆಗೆ ಸೂಪಿನ ರುಚಿ ಹತ್ತಿಸಲಿ. ಆ ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ವರ್ನಾ

ಮರೆತ ವಿಷಯ: ಲಿಬ್ಬಿಯವನು ಟ್ರೈಲರ್ ತಂದಿದ್ದ, ಬರಿಗೈಲಿ ಕಳಿಸಿದೆ. ಕಳಿಸುವ ಮೊದಲು ಅವನಿಂದಲೇ ಲೇತನ್ನು ಮೇಜಿನಿಂದ ಇಳಿಸಿ, ಮೇಜಿನ ನಾಲ್ಕೂ ಕಾಲು ಗರಗಸದಲ್ಲಿ ಕುಯ್ಯಿಸಿ ಗಿಡ್ಡ ಮಾಡಿಸಿ, ಮತ್ತೆ ಏರಿಸಿಕೊಂಡೆ. ನಿನ್ನ ಎತ್ತರದ ಮೇಜಿಗೆ ನನ್ನ ಭುಜ ಬಿದ್ದುಹೋಗುತ್ತಿತ್ತು. ಕೂಗಾಡಬೇಡ. ಕುರ್ಚಿ ಹಾಕಿಕೊಂಡು ಕೂತು ನೋಡಿದೆ. ಎಡಗಡೆಯ ಹಿಡಿಕೆ ಸರಿಯಾಗಿ ನಿನ್ನ ಎಡಗೈಗೆ ಸಿಗುತ್ತದೆ. ಬಲಗಡೆಯದನ್ನು ನಾನು ತಿರುಗಿಸುತ್ತೇನೆ.