ಫ್ಯಾನಿಗೆ ಹೋದ ಜರಡಿ

ತಂಗಿ ಕಾವೇರಿ,

ಕಮಲಾಪುರದ ಬಸ್ಸಿಗೆ ಹೊಂಟೀನಿ. ನೀ ಮಲಗಿದ್ದಿ ಅಂತ ಎಬ್ಬಿಸಲಿಲ್ಲ. ಹನ್ನೊಂದಕ್ಕ ನಿನ್ನ ಆನ್‌ಲೈನ್ ಪರೀಕ್ಷಾ ಅದ. ಹೋದ ಸಲದಂಗ ಕಂಪ್ಯೂಟರ್ ಕಾದು ನಡುವ ಬಂದ್ ಆಗಬಾರ್ದಂತ, ಆ ಸಣ್ಣ ಸಿಪಿಯು ಡಬ್ಬಿಯ ಮುಂದಿನ ತಗಡು ಕೊರದು ಫ್ಯಾನ್ ಕೂಡಿಸೀನಿ.

ಮೊದಲ ಉಲ್ಟಾ ಕೂಡಿಸಿದ್ದೆ, ಆಮ್ಯಾಲ ತಿರುವಿ ಹಾಕೀನಿ. ಆದ್ರೂ ಮನಸ್ಸು ತಡೀವಲ್ದು. ಚಾಲೂ ಮಾಡಿ ಫ್ಯಾನಿನ ಮುಂದ ಕಾಗದದ ಚೂರು ಹಿಡಿ. ಅಂಟಿದ್ರ ಗಾಳಿ ಒಳಗ ಹೋಗಾಕತ್ತದ ಅಂತ ತಿಳಿ. ಅಂಟಲಿಲ್ಲಂದ್ರ ಫೋನ್ ಮಾಡು, ಬಸ್ಸಿನ್ಯಾಗಿದ್ರೂ ಎತ್ತತೀನಿ.

ಡಬ್ಬಿ ಗೋಡಿಗೆ ಒತ್ತಿ ಇಡಬ್ಯಾಡ. ಅವ್ವ ಧೂಳು ಅಂತ ಮತ್ತ ಕಸೂತಿ ಬಟ್ಟಿ ಹೊದಿಸ್ತಾಳ, ಹೋದ ಸಲ ಆಗಿದ್ದೂ ಅದೇ. ತೆಗಿ, ಆದ್ರ ಅಕಿ ಮುಂದ ತೆಗೀಬ್ಯಾಡ.

ಧೂಳು ತಡೀಲಿಕ್ಕೆ ಫ್ಯಾನಿಗೆ ಹಚ್ಚಿದ ಜಾಳಿಗಿ ಅವ್ವನ ಹಿಟ್ಟಿನ ಜರಡೀದು. ಕೇಳಿದ್ರ ನನಗ ಗೊತ್ತಿಲ್ಲ ಅನ್ನು.

ತಡಿ, ಇನ್ನೊಂದು. ಚಪ್ಪಲಿ ಮೆಟ್ಟುವಾಗ ಅವ್ವ ಬಂದಳು, ಕೈಯಾಗ ಜಾಳಿಗಿ ಇಲ್ಲದ ಜರಡಿ. "ಬರುವಾಗ ಹೊಸಾದು ತಾ. ಇವತ್ತ ಅನ್ನ ಮಾಡ್ತೀನಿ, ಅಕಿ ಪರೀಕ್ಷಾ ಮುಗೀಲಿ" ಅಂದಳು.

ಅವ್ವ ರೊಟ್ಟಿ ಬಡೀಲಾರದ ದಿನ, ನಾ ಹುಟ್ಟಿದಾಗಿಂದ ಇದೇ ಮೊದಲು.

ಕುನಾಲ