ತಂಪುಹನಿಗೆ ಹೆಣ್ಣು ಹುಡುಕಿದ ಬಂಧುಗಳು

ಕೋಲಾರದ ಇಳಿಯೂರಿನಿಂದ,
ಎರಡನೆಯ ಬಿಸಿಲುಶತಕದ ಅರವತ್ತನೆಯ ವರ್ಷ, ಅಧಿಕ ವೈಶಾಖದ ಮೂವತ್ತೆರಡನೆಯ ದಿನ.

ಹಿಂದಿನ ಕಾಲದ ಹಿರಿಯರಿಗೆ ಕದಿರಮ್ಮನ ನಮಸ್ಕಾರ. ನನ್ನ ಕೆಲವು ಪದಗಳೂ ನಮ್ಮ ದಿನಗಣನೆಯೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ. ಮಾತು ಒರಟಾದರೆ ಮಾತ್ರ ಕ್ಷಮೆ ಕೇಳುವುದಿಲ್ಲ. ನಿಮ್ಮ ಮೇಲೂ ನನಗೆ ಸಿಟ್ಟಿದೆ.

ನೀವು ಚಿನ್ನ ತೆಗೆದು ಬಿಟ್ಟುಹೋದ ಸುರಂಗಗಳಲ್ಲಿ ನಾವು ಸಂಸಾರ ಮಾಡುತ್ತಿದ್ದೇವೆ. ಅದಕ್ಕೇ ಇದು ಇಳಿಯೂರು. ದೀಪದ ಬೆಳಕಿನಲ್ಲಿ ರಾಗಿ, ಅವರೆ ಬೆಳೆಯುತ್ತೇವೆ. ಸರದಿಯಂತೆ ಮೇಲಕ್ಕೆ ಹೋಗಿ, ವಿದ್ಯುತ್ ಕೊಡುವ ಬಿಸಿಲುಹಲಗೆಗಳ ಧೂಳು ಒರೆಸಿ ಬರುತ್ತೇವೆ. ಆ ಕೆಲಸದವರು ಕಂಡುಕೊಂಡದ್ದೇ ತಂಪುಹನಿ. ನಾಲಿಗೆಯಡಿ ಒಂದು ತೊಟ್ಟು ಬಿಟ್ಟುಕೊಂಡರೆ ಮೈ ಸುಡುವುದು ಗೊತ್ತಾಗುವುದಿಲ್ಲ. ಸುಡುವುದೇನೂ ನಿಲ್ಲುವುದಿಲ್ಲ. ನನ್ನ ತಮ್ಮ ಮುನಿಕೃಷ್ಣ ಕೆಲಸವಿಲ್ಲದಿದ್ದರೂ ಹನಿ ಹಾಕಿಕೊಂಡು ನೆತ್ತಿಬಿಸಿಲಿನಲ್ಲಿ ಹೋಗಿ ನಿಲ್ಲುತ್ತಿದ್ದ. ಅಂಗಾಲಿನ ಚರ್ಮ ಸುಲಿದು ಕೀವು ತುಂಬಿತ್ತು, ಹತ್ತಿರ ಹೋದರೆ ವಾಸನೆ, ಅವನು ನಗುತ್ತಿದ್ದ. ಆ ಕಾಲು ತೊಳೆಯಲು ನನಗೆ ಹೇಸಿಗೆಯಾಗಲಿಲ್ಲ. ಹೇಸಿಗೆಯಾದದ್ದು ಬಂಧುಗಳನ್ನು ನೋಡಿ.

ಚಟ ಬಿಡಿಸಲು ನಮ್ಮಲ್ಲಿ ಆಸರೆಮನೆಯಿದೆ. ಔಷಧಿಯಿದೆ, ಇದೇ ನೋವು ಉಂಡ ಬೇರೆ ಮನೆಯವರೂ ಇದ್ದಾರೆ. ನಿಯಮ ಒಂದೇ: ಮನೆಯ ಹಿರಿಯರೊಬ್ಬರು ಜೊತೆಗೆ ಬಂದು, ಎಲ್ಲರೆದುರು "ಇವನು ನಮ್ಮವನು, ಇವನಿಗೆ ಚಟವಿದೆ" ಎನ್ನಬೇಕು. ಅಷ್ಟು ಹೇಳಲು ನಮ್ಮವರಿಗೆ ನಾಲಿಗೆ ಏಳಲಿಲ್ಲ. ಸೋದರಮಾವ ವೆಂಕಟರೋಣಪ್ಪ ಮುದ್ದೆ ನುಂಗುತ್ತಾ ತೀರ್ಪು ಕೊಟ್ಟ: "ಮೂರು ಗಂಟು ಹಾಕ್ಸಿಬಿಡ್ರಿ, ಎಲ್ಲಾ ಸರೋಗ್ತೈತೆ." ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎಂದು ನೀವು ನಗಾಡಿಕೊಂಡು ಹೇಳಿದ ಗಾದೆಯ ಮೊದಲರ್ಧವನ್ನು ಇವರು ವೈದ್ಯವೆಂದು ಉಳಿಸಿಕೊಂಡಿದ್ದಾರೆ. ಥೂ! ನದಿಗಳು ಬತ್ತಿದವು, ಊರುಗಳು ಮಣ್ಣಿನೊಳಗೆ ಇಳಿದವು, ಈ ಕೊಳಕು ಬುದ್ಧಿ ಮಾತ್ರ ಹಾಗೇ ಉಳಿಯಿತು.

ಅಲಿವೇಲು ಎಂಬ ಹುಡುಗಿಯನ್ನು ಗೊತ್ತುಮಾಡಿದರು. ನಿಶ್ಚಿತಾರ್ಥದ ದಿನ ಅವನ ಅಂಗಾಲಿಗೆ ಅರಿಶಿನ ಮೆತ್ತಿ, ಈಗಿನ ಫ್ಯಾಷನ್ನು ಎಂದು ಸುಳ್ಳು ಹೇಳಿ ರೇಷ್ಮೆಯ ಕಾಲುಚೀಲ ತೊಡಿಸಿದರು. ವಾಸನೆಗೆ ಕಂತೆಗಟ್ಟಲೆ ಊದುಬತ್ತಿ ಹಚ್ಚಿದರು. ಆ ಹುಡುಗಿ ಏನೂ ಅರಿಯದೆ ಅವನ ಪಕ್ಕ ಕುಳಿತು ನಾಚಿಕೊಳ್ಳುತ್ತಿದ್ದಳು. ನಾನು ಎದ್ದು ಹೋಗಿ, ಅವಳ ತಾಯಿಯ ಕಣ್ಣೆದುರೇ ಕಾಲುಚೀಲ ಎಳೆದುಹಾಕಿದೆ.

ಸಂಬಂಧ ಮುರಿಯಿತು. ಮಾವ ನನ್ನನ್ನು ಮನೆಮುರುಕಿ ಎಂದ. ಮುಚ್ಚಿಡಲು ಇನ್ನೇನೂ ಇಲ್ಲವಾದಾಗ ಅಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. "ನಿನ್ ಮುಖ ನೋಡಾಕಿಲ್ಲ, ಹೋಗೇ" ಎಂದು ನನಗೆ ಬೈದು, ಮುನಿಕೃಷ್ಣನ ಕೈ ಹಿಡಿದು ಆಸರೆಮನೆಗೆ ನಡೆದಳು. ಎಲ್ಲರೆದುರು ಆ ಮಾತು ಹೇಳಿದಳಂತೆ. ಅವನೀಗ ಕಾಲು ಉರಿಯುತ್ತದೆಂದು ಅಳುತ್ತಾನಂತೆ. ಅದನ್ನು ಕೇಳಿ ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಅಮ್ಮ ಇನ್ನೂ ನನ್ನೊಡನೆ ಮಾತಾಡಿಲ್ಲ.

ಹಿರಿಯರೇ, ನಿಮ್ಮ ಮನೆಯಲ್ಲೂ ಇಂಥವನೊಬ್ಬ ಇದ್ದರೆ ದಯವಿಟ್ಟು ಅವನಿಗೆ ಹೆಣ್ಣು ನೋಡಬೇಡಿ. ಅವನ ಜೊತೆಗೆ ನೀವು ಹೋಗಿ.